ಹಳೆಯ ಸ್ಪೋರ್ಟ್ಸ್ ಕಾರುಗಳ ಮೂಲತ್ವವೂ ಬೆಲೆಯೂ: ಯಡ್ತರೆಯ ಒಂದು ಎಂ.ಜಿ.ಯ ಪರಿಶೀಲನೆ

ಯಡ್ತರೆಯು ಬೈಂದೂರಿಗೆ ತಾಗಿಕೊಂಡಿರುವ ಊರು. ರಾಷ್ಟ್ರೀಯ ಹೆದ್ದಾರಿ 66 ಅದರ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಅಲ್ಲಿಯ ಒಂದು ಹಂಚಿನ ಮನೆಯ ಹಿಂದಣ ಕೊಟ್ಟಿಗೆಯಲ್ಲಿ, ಮಡಲಿನ ತಟ್ಟಿಯ ಮರೆಯಲ್ಲಿ, ಎಂ.ಜಿ. ಟಿ.ಸಿ. ಎಂಬ ಮಾದರಿಯ, ಇಬ್ಬರು ಕೂಡುವ ಸ್ಪೋರ್ಟ್ಸ್ ಕಾರೊಂದು ಬಹುಕಾಲದಿಂದ ನಿಂತಿತ್ತು. ಅದನ್ನು ನೋಡಿ ಅಭಿಪ್ರಾಯ ಹೇಳಬೇಕೆಂದು ಮನೆಯವರು ನಮ್ಮನ್ನು ಕರೆಸಿಕೊಂಡುದೇ ಪ್ರಕೃತ ಪ್ರಬಂಧಕ್ಕೆ ನಿಮಿತ್ತ. ನಾವು ಯಂತ್ರಶಾಸ್ತ್ರ ಬಲ್ಲವರಲ್ಲ. ಕಾರು ಓಡಿಸುವುದರಲ್ಲಿಯೂ ನಮ್ಮ ಪ್ರಾವೀಣ್ಯ ಅಷ್ಟಕ್ಕಷ್ಟೆ. ಆದರೆ ಮನೆಯವರಿಗೆ ಬೇಕಾಗಿದ್ದುದು ಇತಿಹಾಸದ ಅಧ್ಯಾಪಕರ ಕೈಬರಹ. ಘಟ್ಟದ ಮೇಲಿನಿಂದ ಬಂದಿದ್ದ ದಲ್ಲಾಳಿಯೊಬ್ಬನು ಕಾರಿಗೆ ಎರಡು ಬೆಲೆಗಳನ್ನು ಹೇಳಿ ಹೋಗಿದ್ದನು. ಇದು ಮೈಸೂರು ಮಹಾರಾಜರಲ್ಲಿದ್ದ ಕಾರೆಂದು ಕಾಲೇಜಿನವರು ಯಾರಾದರೂ ಬರೆದುಕೊಟ್ಟರೆ ಒಂದು ಬೆಲೆ. ಇಲ್ಲವಾದರೆ ಅದರ ಅರ್ಧಕ್ಕಿಂತಲೂ ಕಡಿಮೆ. ಮನೆಯ ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಇನ್ನೊಂದು ಮಳೆಗಾಲವನ್ನು ಅವು ತಡೆಯುವಂತಿರಲಿಲ್ಲ. ಹೀಗೆ ನಮ್ಮ ಒಂದು ವಾಕ್ಯಕ್ಕೆ ಒಂದು ಮನೆಯ ಮಾಡಿನಷ್ಟು ಬೆಲೆ ಬಂದಿತ್ತು.

ಹಳೆಯ ವಸ್ತುವೊಂದು ಸಾಚಾವೋ ಅಲ್ಲವೋ ಎಂಬ ಪ್ರಶ್ನೆ ನಮ್ಮ ಶಾಸ್ತ್ರಕ್ಕೆ ಹೊಸತಲ್ಲ. ಕರ್ಣಾಟಕದ ಇತಿಹಾಸ ಸಂಶೋಧನೆಯ ಮೊದಲ ದೊಡ್ಡ ವಾದವೊಂದು ಈ ಪ್ರಶ್ನೆಯ ಮೇಲೆಯೇ ನಡೆಯಿತು. ಗಂಗರ ತಾಮ್ರಪಟಗಳನ್ನು ಬಿ. ಎಲ್. ರೈಸ್ ಅವರು ಸಾಚಾ ಎಂದು ನಂಬಿ ಅವುಗಳ ಆಧಾರದ ಮೇಲೆ ಗಂಗರ ವಂಶಾವಳಿಯನ್ನು ಕಟ್ಟಿದರು, ಜೆ. ಎಫ್. ಫ್ಲೀಟ್ ಅವರು ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ಹಟಹಿಡಿದರು. ಫ್ಲೀಟರು 1901ರ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಇಂತಹ ಖೋಟಾ ದಾಖಲೆಗಳನ್ನು ಒಟ್ಟುಗೂಡಿಸಿ ಪಟ್ಟಿಮಾಡಿದುದನ್ನು ಶಾಸನಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಮಡಿಕೇರಿಯ ತಾಮ್ರಪಟವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ 388ನೆಯ ವರ್ಷವೆಂದಿದೆ. ಶಕವರ್ಷವೆಂದು ಹಿಡಿದರೆ ಕ್ರಿ. ಶ. 466 ಆಗುತ್ತದೆ. ಆದರೆ ಲಿಪಿಯು ಬಹಳ ಈಚಿನದು. ಜೊತೆಗೆ ಅಕಾಲವರ್ಷನೆಂಬ ಹೆಸರು ಅದರಲ್ಲಿ ಕಾಣಿಸಿಕೊಳ್ಳುತ್ತದೆ. ಇದು ರಾಷ್ಟ್ರಕೂಟರ ಕಾಲದಲ್ಲಿ ನಮಗೆ ಪರಿಚಿತವಾದ ಬಿರುದು. ಶಾಸನವು ತನ್ನ ವಯಸ್ಸನ್ನು ತಾನು ಹೇಳಿಕೊಳ್ಳುವುದು ಒಂದು ಬಗೆ, ಅದರ ಮೈ ಹೇಳುವುದು ಇನ್ನೊಂದು ಬಗೆ.

ತಾಮ್ರಪಟದ ಪರೀಕ್ಷೆಯಲ್ಲಿ ಅನುಭವಸ್ಥರು ಪಾಲಿಸುವ ಒಂದು ಸಣ್ಣ ನಿಯಮವಿದೆ. ಒಕ್ಕಣೆಯನ್ನು ಓದುವುದಕ್ಕೆ ಮೊದಲೇ, ಹಲಗೆಗಳನ್ನು ಪೋಣಿಸಿದ ಬಳೆಯು ತಮ್ಮ ಕೈಗೆ ಬರುವಾಗ ಕತ್ತರಿಸಲ್ಪಟ್ಟಿತ್ತೋ ಇಲ್ಲವೋ ಎಂಬುದನ್ನು ಅವರು ಬರೆದಿಡುತ್ತಾರೆ. ಮುದ್ರೆಯು ಬಳೆಯಲ್ಲಿರುತ್ತದೆ. ಬಳೆಯನ್ನು ಬಿಡಿಸಿದರೆ ಒಬ್ಬ ಅರಸನ ಸಾಚಾ ಮುದ್ರೆಯು ಇನ್ನೊಬ್ಬನ ಖೋಟಾ ಹಲಗೆಗಳಿಗೆ ಕಾವಲಾಗಬಹುದು. ಮುದ್ರೆಯೂ ಸಾಚಾ, ತಾಮ್ರವೂ ಹಳೆಯದು. ಸುಳ್ಳಿರುವುದು ಅವೆರಡರ ಕೂಡಿಕೆಯಲ್ಲಿ. ಕೊಟ್ಟಿಗೆಯಲ್ಲಿ ನಿಂತು ಕಾರಿನ ಬಾನೆಟ್ಟನ್ನು ಎತ್ತಿದಾಗ ಈ ನಿಯಮವೇ ನಮ್ಮ ನೆನಪಿಗೆ ಬಂದಿತು.

ಮೊದಲು ಕಾರಿನ ಜಾತಿಯ ವಿಚಾರವನ್ನು ಸಂಕ್ಷೇಪವಾಗಿ ಹೇಳಬೇಕು. ಇಂಗ್ಲೆಂಡಿನ ಅಬಿಂಗ್ಡನ್ ಎಂಬಲ್ಲಿಯ ಎಂ.ಜಿ. ಕಾರ್ಖಾನೆಯು ಎರಡನೆಯ ಮಹಾಯುದ್ಧ ಮುಗಿದ 1945ರಿಂದ 1949ರವರೆಗೆ ಸುಮಾರು 10,000 ಟಿ.ಸಿ. ಕಾರುಗಳನ್ನು ತಯಾರಿಸಿತು. ಉಕ್ಕಿನ ಚಾಸಿಸ್ಸಿನ ಮೇಲೆ ಆಷ್ ಎಂಬ ಮರದ ಚೌಕಟ್ಟು, ಆ ಚೌಕಟ್ಟಿಗೆ ಹೊದೆಸಿದ ತಗಡಿನ ಮೈ, 1250 ಸಿ.ಸಿ. ಎಂಜಿನ್ನು, 19 ಅಂಗುಲದ ತಂತಿಯ ಗಾಲಿಗಳು, ಸ್ಟಿಯರಿಂಗು ಯಾವಾಗಲೂ ಬಲಗಡೆಗೆ. ಇವುಗಳ ಚಾಸಿಸ್ ಸಂಖ್ಯೆಗಳು ಒಂದರಿಂದ ಮೊದಲಾಗದೆ 0251ರಿಂದ ಮೊದಲಾಗುತ್ತವೆ. ಕಾರ್ಖಾನೆಯ ಟೆಲಿಫೋನ್ ಸಂಖ್ಯೆ 251 ಆಗಿದ್ದುದೇ ಇದಕ್ಕೆ ಕಾರಣ! ಅರಸರ ಶಾಸನಗಳಲ್ಲಿ ವಂಶದ ಬಿರುದಾವಳಿ ಮೊದಲು ಬರುವಂತೆ ಇಲ್ಲಿಯೂ ಮನೆತನದ ಗುರುತು ಮೊದಲು ಬಂದಿದೆಯೆನ್ನಬಹುದು. ಈ ಎಂಜಿನ್ನಿನ ಇನ್ನೊಂದು ವೈಚಿತ್ರ್ಯ ಪರೀಕ್ಷಕನಿಗೆ ಬಹಳ ಉಪಕಾರಿ: ಅದರ ಬೋಲ್ಟುಗಳ ಎಳೆಗಳು ಮೆಟ್ರಿಕ್ ಅಳತೆಯವು, ತಲೆಗಳಾದರೋ ವಿಟ್‌ವರ್ತ್ ಎಂಬ ಇಂಗ್ಲಿಷ್ ಅಳತೆಯವು. ಇಂತಹ ಬೋಲ್ಟು ಬೇರೆಡೆ ಸಿಕ್ಕುವುದು ದುರ್ಲಭ. ಆದುದರಿಂದ ಬೋಲ್ಟಿನ ತಲೆಗೆ ಯಾವ ಸ್ಪ್ಯಾನರು ಕೂಡುತ್ತದೆಂಬುದನ್ನು ನೋಡಿಯೇ ಅದು ಮೂಲದ್ದೋ ಮುಂದೆ ಹಾಕಿದ್ದೋ ಎಂದು ಬಹುಮಟ್ಟಿಗೆ ಊಹಿಸಬಹುದು. ಬೈಂದೂರಿನ ಗ್ಯಾರೇಜಿನ ಹಿರಿಯ ಮೆಕಾನಿಕರೊಬ್ಬರು ಈ ಪರೀಕ್ಷೆಯಲ್ಲಿ ನಮಗೆ ನೆರವಾದರು. ಅವರಿಲ್ಲದಿದ್ದರೆ ಈ ಪ್ರಬಂಧದ ಅರ್ಧ ಭಾಗವನ್ನು ಬರೆಯಲಾಗುತ್ತಿರಲಿಲ್ಲ.

ಇನ್ನು ಯಡ್ತರೆಯ ಕಾರು. ಮನೆಯ ಹಿಂದಿನ ತಲೆಮಾರಿನ ಯಜಮಾನರು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು. ಆ ಕಾಲದಲ್ಲಿ ಕುಂದಾಪುರ ಸೀಮೆಯ ಎಷ್ಟೋ ಮನೆಗಳು ಮುಂಬಯಿಯ ಹೋಟೆಲಿನ ದುಡಿಮೆಯಿಂದಲೇ ಎದ್ದು ನಿಂತುವು. ಕಾರಿನ ಜೊತೆಗೆ ಅದರ ನೋಂದಣಿಯ ಪುಸ್ತಕವೂ ಉಳಿದುಬಂದಿತ್ತು. ಗೆದ್ದಲು ತಿಂದ ಎರಡು ಎಲೆಗಳನ್ನು ಬಿಟ್ಟರೆ ಮಿಕ್ಕುದೆಲ್ಲ ಓದಲು ಬರುತ್ತಿತ್ತು. 1948ರಲ್ಲಿ ಮುಂಬಯಿಯಲ್ಲಿ ಮೊದಲ ನೋಂದಣಿ. ಅನಂತರ ಎರಡು ವರ್ಗಾವಣೆಗಳು, ಅವುಗಳಲ್ಲಿ ಎರಡನೆಯದು ಈ ಯಜಮಾನರ ಹೆಸರಿಗೆ. ಆಮೇಲೆ ಮೈಸೂರು ರಾಜ್ಯದ ಹೊಸ ನೋಂದಣಿ. ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿದ್ದಿತಷ್ಟೆ. ಮದರಾಸಿನ ಗುರುತು ಈ ಪುಸ್ತಕದಲ್ಲಿಲ್ಲ; ಆದುದರಿಂದ ಕಾರು ಊರಿಗೆ ಬಂದು ನೆಲಸಿದ್ದು ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆಯೇ ಇರಬೇಕು. ಹೊಳೆಗಳಿಗೆ ಸೇತುವೆಗಳಾಗುವ ಮುಂಚೆ ಈ ಕರಾವಳಿಯಲ್ಲಿ ಮೋಟಾರುಗಳನ್ನು ಜಂಗಲುಗಳ ಮೇಲೆ ದಾಟಿಸುತ್ತಿದ್ದರು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು 1914ರಲ್ಲಿ ಸ್ಥಾಪಿತವಾದಂದಿನಿಂದ ಬಸ್ಸುಗಳಿಗೂ ಇದೇ ಪಾಡು. ನೆಲಕ್ಕೆ ಅಂಗೈಯಷ್ಟು ಎತ್ತರದಲ್ಲಿ ಕುಳಿತಂತೆ ಕಾಣುವ ಈ ಪುಟ್ಟ ಕಾರನ್ನು ಜಂಗಲಿಗೆ ಹೇಗೆ ಹತ್ತಿಸುತ್ತಿದ್ದರೋ ನೋಡಿದವರೇ ಹೇಳಬೇಕು.

ಎಂಜಿನ್ನಿರುವ ಭಾಗದ ಹಿಂಗೋಡೆಗೆ ಬಡಿದ ತಯಾರಕರ ತಗಡಿನ ಬಿಲ್ಲೆಯನ್ನು ಮೊದಲು ನೋಡಿದೆವು. ಅದರ ರಿವೆಟ್ಟುಗಳು ಬಿಚ್ಚಿದವಲ್ಲ. ಸುತ್ತ ಎರಡನೆಯ ಸಾಲಿನ ತೂತುಗಳಿರಲಿಲ್ಲ. ಬಿಲ್ಲೆಯ ಅಂಚಿನಲ್ಲಿ ಬಣ್ಣದ ಹಳೆಯ ಪದರವು ಒಡೆಯದೆ ನಿಂತಿತ್ತು. ಎಂದರೆ ಬಳೆಯು ಕತ್ತರಿಸಲ್ಪಟ್ಟಿರಲಿಲ್ಲ. ಮುಂಭಾಗದಲ್ಲಿ ಚಾಸಿಸ್ಸಿನ ಎಡಗೊಂಬಿನ ಮೇಲಿನ ಬಣ್ಣವನ್ನು ಮೆಕಾನಿಕರು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ತೆಗೆದಾಗ ಉಕ್ಕಿನಲ್ಲಿ ಒತ್ತಿದ ಸಂಖ್ಯೆ ಕಾಣಿಸಿತು. ಬಿಲ್ಲೆ, ಉಕ್ಕು, ಪುಸ್ತಕ ಮೂರೂ ಒಂದೇ ಸಂಖ್ಯೆಯನ್ನು ಹೇಳಿದುವು.

ಎಂಜಿನ್ನಿನ ಕಥೆ ಬೇರೆ. ಅದರ ಮೇಲಣ ಎಂಟು ಮೂಲೆಯ ಬಿಲ್ಲೆಯಲ್ಲಿ ಎಕ್ಸ್‌ಪಿಎಜಿ ಎಂಬ ಅಕ್ಷರಗಳ ಬೆನ್ನಿಗೆ ಟಿ.ಡಿ. ಎಂಬ ಅಕ್ಷರಗಳಿದ್ದುವು. ಟಿ.ಡಿ. ಎಂಬುದು ಟಿ.ಸಿ.ಯ ಅನಂತರ ಬಂದ, 1953ರವರೆಗೆ ತಯಾರಾದ ಮಾದರಿ. 1948ರಲ್ಲಿ ನೋಂದಣಿಯಾದ ಕಾರಿನಲ್ಲಿ ಅದರ ಎಂಜಿನ್ನಿರುವುದು, ಗಂಗರ ಶಾಸನದಲ್ಲಿ ಅಕಾಲವರ್ಷನು ಬಂದಂತೆಯೇ ಸರಿ. ಆದರೆ ಇಲ್ಲಿ ಒಂದು ವ್ಯತ್ಯಾಸವುಂಟು. ನೋಂದಣಿಯ ಪುಸ್ತಕದಲ್ಲಿ ಹಳೆಯ ಎಂಜಿನ್ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಹೊಸದನ್ನು ಬರೆದು, ಅಧಿಕಾರಿಯ ರುಜುವಿನೊಂದಿಗೆ ಮೊಹರು ಒತ್ತಿದೆ. 1939ರ ಮೋಟಾರು ವಾಹನಗಳ ಶಾಸನದಂತೆ ವಾಹನದಲ್ಲಿ ಮಾಡಿದ ಮಾರ್ಪಾಟನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕಾಗಿದ್ದಿತು, ಯಜಮಾನರು ತಿಳಿಸಿದ್ದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಮ್ಮನ್ನು ನಿಲ್ಲಿಸಿದುದು ಮರದ ಕೆಲಸ. ಆಷ್ ಮರದ ಚೌಕಟ್ಟಿನಲ್ಲಿ ಮೂಲದ್ದೆನ್ನಬಹುದಾದ ತುಂಡುಗಳು ಮೂರೋ ನಾಲ್ಕೋ ಉಳಿದಿದ್ದುವು. ಮಿಕ್ಕುದೆಲ್ಲ ಹಲಸಿನ ಮರ. ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಇರುವ ಊರಿನಲ್ಲಿ ವಿಲಾಯತಿಯ ಮರವು ಹುಡಿಯಾದುದು ಆಶ್ಚರ್ಯವಲ್ಲ; ನೆಲದ ತಗಡೂ ಹೀಗೆಯೇ ಹೋಗಿ ಹೊಸದು ಬಂದಿತ್ತು. ಬಾಗಿಲ ಕಂಬವನ್ನು ಮುಚ್ಚಿದ ಹರಕು ರೆಕ್ಸಿನ್ನನ್ನು ಸರಿಸಿದಾಗ ಆಚಾರಿಯ ಕೈಬರಹ ಸಿಕ್ಕಿತು. ಸೀಸದಕಡ್ಡಿಯಲ್ಲಿ ಕನ್ನಡದ ಅಂಕಿಗಳಲ್ಲಿ ಬರೆದ ಅಳತೆಗಳು, ಒಂದು ಕಡೆ 'ಎಡ', ಇನ್ನೊಂದು ಕಡೆ 'ಬಲ'. ಹಲಸಿನ ಕಂಬವು ಆಷ್ ತುಂಡಿಗೆ ಕೂಡುವಲ್ಲಿ ಮೊಳೆಯಿಲ್ಲದ ಕಚ್ಚು. ಮನೆಯ ಜಗಲಿಯ ಕಂಬಗಳಲ್ಲಿ ಇರುವಂತಹುದೇ.

ಮಹಾರಾಜರ ಮಾತಿಗೆ ಆಧಾರವಾಗಿದ್ದುದು ಡ್ಯಾಷ್‌ಬೋರ್ಡಿನ ಮೇಲೆ ಕೂಡಿಸಿದ ಹಿತ್ತಾಳೆಯ ಗಂಡಭೇರುಂಡ. ಬಿಲ್ಲೆಯನ್ನು ಹಿಡಿದಿದ್ದ ತಿರುಪುಗಳ ತಲೆಯಲ್ಲಿ ಕೂಡುಗೆರೆಯಿದ್ದಿತು, ಜನರು ಸ್ಟಾರ್ ಸ್ಕ್ರೂ ಎನ್ನುತ್ತಾರಲ್ಲ, ಅದು. ಆ ಕಾಲದ ಇಂಗ್ಲಿಷ್ ಕಾರಿನ ಇಂತಹ ಕೆಲಸದಲ್ಲಿ ಒಂದೇ ಗೆರೆಯ ತಲೆ ವಾಡಿಕೆ. ಅದೇ ಹಲಗೆಯ ಉಳಿದ ತಿರುಪುಗಳೆಲ್ಲ ಅಂತಹವೇ ಆಗಿದ್ದುವು. ಹೊಸ ತಿರುಪುಗಳ ಕೆಳಗೆ ಮರದ ಬಣ್ಣ ಮಾಸದೆ ಉಳಿದಿದ್ದಿತು. ವಿಚಾರಿಸಲಾಗಿ, 1990ರ ದಶಕದಲ್ಲಿ ಮನೆಯ ಮದುವೆಯೊಂದರ ದಿಬ್ಬಣಕ್ಕೆ ಕಾರನ್ನು ಸಿಂಗರಿಸಿದಾಗ ಯಾರೋ ನೆಂಟರು ಮೈಸೂರಿನ ಪೇಟೆಯಿಂದ ಆ ಬಿಲ್ಲೆಯನ್ನು ತಂದು ಕೂಡಿಸಿದ್ದೆಂದು ಹಿರಿಯರು ನೆನಪಿಸಿಕೊಂಡರು. ಅಲ್ಲಿ ಮೋಸದ ಉದ್ದೇಶ ಯಾರಿಗೂ ಇರಲಿಲ್ಲ. ಬಿಲ್ಲೆಯನ್ನು ನೋಡಿದ ಮಕ್ಕಳು ಮಹಾರಾಜರ ಕಾರೆಂದರು, ಮಕ್ಕಳು ದೊಡ್ಡವರಾದರು, ಮಾತು ಐತಿಹ್ಯವಾಯಿತು. ಚೆಂದದ ಗುಡಿಯೆಲ್ಲ ಜಕಣಾಚಾರಿಯದು ಎನ್ನುವ ನಾಡಿನಲ್ಲಿ ಹಳೆಯ ಕಾರೆಲ್ಲ ಮಹಾರಾಜರದು ಆಗುವುದು ಸಹಜ. ಮೈಸೂರು ಅರಮನೆಯು ರೋಲ್ಸ್ ರಾಯ್ಸ್ ಮೊದಲಾದ ಕಾರುಗಳನ್ನು ಧಾರಾಳವಾಗಿ ಕೊಂಡುದು ಪ್ರಸಿದ್ಧವಾಗಿರುವುದರಿಂದ ಕೇಳುವವರು ಬೇಗ ನಂಬುತ್ತಾರೆ. ಆದರೆ ನೋಂದಣಿಯ ಪುಸ್ತಕವು ಮುಂಬಯಿಯಿಂದ ಯಡ್ತರೆಗೆ ನೇರವಾಗಿ ಬರುತ್ತದೆ. ನಡುವೆ ಮೈಸೂರಿಗೆ ಎಡೆಯಿಲ್ಲ.

ಹೀಗೆ ಮಹಾರಾಜರ ಪ್ರಶ್ನೆ ಸುಲಭವಾಗಿ ಪರಿಹಾರವಾಯಿತು. ಕಷ್ಟದ ಪ್ರಶ್ನೆ ಉಳಿದುದು ಹಲಸಿನ ಮರದ್ದು. ಚಾಸಿಸ್ಸು ಮೂಲದ್ದು, ಎಂಜಿನ್ನು ಬೇರೆಯದು, ಮೈಯ ಹಂದರ ಯಡ್ತರೆಯ ಆಚಾರಿಯದು. ಇಂತಹುದನ್ನು 1948ರ ಎಂ.ಜಿ. ಎನ್ನಬಹುದೇ? ಈ ವಿಷಯದಲ್ಲಿ ಹೊರನಾಡಿನ ನ್ಯಾಯಾಲಯವೊಂದರ ತೀರ್ಪು ನಮಗೆ ಬೆಳಕು ಕೊಡುತ್ತದೆ.

ಬೆಂಟ್ಲಿ ಕಂಪೆನಿಯ 'ಓಲ್ಡ್ ನಂಬರ್ ಒನ್' ಎಂಬ ಸ್ಪೀಡ್ ಸಿಕ್ಸ್ ಕಾರು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು 1929 ಮತ್ತು 1930ರಲ್ಲಿ ಎರಡು ಸಲ ಗೆದ್ದಿತು. ಪಂದ್ಯದಿಂದ ಪಂದ್ಯಕ್ಕೆ ಅದರ ಭಾಗಗಳನ್ನು ಬದಲಾಯಿಸುತ್ತಲೇ ಹೋದರು. 1932ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ, 8 ಲೀಟರಿನ ಎಂಜಿನ್ನು ಹೊತ್ತು ಓಡುತ್ತಿದ್ದಾಗ ಅದು ಅಪಘಾತಕ್ಕೀಡಾಯಿತು. ಚಾಲಕ ಕ್ಲೈವ್ ಡನ್ಫಿ ಮೃತನಾದನು. ಆಮೇಲೆ ಅದನ್ನು ಮತ್ತೆ ಕಟ್ಟಿ ರಸ್ತೆಯ ಕಾರಾಗಿ ಮಾಡಿದರು. ಬಹುಕಾಲದ ಅನಂತರ ಪಂದ್ಯದ ಕಾರಿನ ರೂಪಕ್ಕೆ ತಂದು, 1990ರಲ್ಲಿ ಒಂದು ಕೋಟಿ ಪೌಂಡಿಗೆ ಮಾರಾಟದ ಕರಾರಾಯಿತು. ಕೊಳ್ಳುವವರು, ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲವೆಂದು ಹಿಂಜರಿದರು. ಮಾರುವವರು ನ್ಯಾಯಾಲಯಕ್ಕೆ ಹೋದರು. ಹಬ್ಬರ್ಡ್ ಮತ್ತು ಮಿಡ್ಲ್‌ಬ್ರಿಜ್ ಸಿಮಿಟಾರ್ ಇವರ ನಡುವಣ ಈ ವ್ಯಾಜ್ಯವನ್ನು ನ್ಯಾಯಮೂರ್ತಿ ಆಟನ್ ಅವರು ಅದೇ ವರ್ಷ ತೀರ್ಮಾನಿಸಿದರು. 1929ರ ಕಾರಿನದೆಂದು ಗುರುತಿಸಬಹುದಾದುದು ಅದರಲ್ಲಿ ಉಳಿದಿದ್ದುದು ಅತ್ಯಲ್ಪವೆಂಬುದನ್ನು ಅವರು ಮರೆಮಾಡಲಿಲ್ಲ. ಆದರೂ ಕಾರು ಒಂದು ರೂಪದಿಂದ ಇನ್ನೊಂದಕ್ಕೆ ಬೆಳೆಯುತ್ತ ಬಂದ ಸಂತತಿಯು ಎಲ್ಲಿಯೂ ಕಡಿದುಹೋಗಿಲ್ಲ, ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೊಂದು ಕಾರೂ ಇಲ್ಲ. ಆದುದರಿಂದ ಅದಕ್ಕೆ ಆ ಹೆಸರು ಸಲ್ಲುತ್ತದೆ ಎಂದು ತೀರ್ಪಿತ್ತರು. ಕೊಳ್ಳುವವರು ಕರಾರಿಗೆ ಬದ್ಧರಾದರು.

ಈ ತೀರ್ಪನ್ನು ಮೆಚ್ಚದವರುಂಟು. ಹೀಗೆ ನೋಡಿದರೆ ಹಳೆಯದಾಗಿ ಏನೂ ಉಳಿಯದಿದ್ದರೂ ಹೆಸರು ಉಳಿಯುತ್ತದಲ್ಲ ಎಂಬುದು ಅವರ ಆಕ್ಷೇಪ. ನಮ್ಮ ಕರಾವಳಿಯಲ್ಲಿ ಜೀರ್ಣೋದ್ಧಾರವೆಂದು ಇಡೀ ಗುಡಿಯನ್ನು ಬಿಚ್ಚಿ ಹೊಸ ಶಿಲೆಯಲ್ಲಿ ಕಟ್ಟಿ ಬ್ರಹ್ಮಕಲಶ ಮಾಡಿದ ಮೇಲೆ ಅದೇ ದೇವಸ್ಥಾನವೆನ್ನುವುದಿಲ್ಲವೇ? ಭಕ್ತನಿಗೆ ಅದು ಅದೇ ದೇವಸ್ಥಾನ. ವಾಸ್ತುವಿನ ಇತಿಹಾಸಕಾರನಿಗೆ ಹಾಗಲ್ಲ. ಇಬ್ಬರದೂ ತಪ್ಪಲ್ಲ, ಕೇಳುವ ಪ್ರಶ್ನೆ ಬೇರೆ. ಕಾರಿನಲ್ಲಿಯೂ 'ಇದು ಯಾವುದು' ಎಂಬ ಪ್ರಶ್ನೆಯನ್ನು 'ಇದರಲ್ಲಿ ಹಳೆಯದು ಎಷ್ಟು' ಎಂಬ ಪ್ರಶ್ನೆಯಿಂದ ಬೇರ್ಪಡಿಸಿಕೊಳ್ಳದಿದ್ದರೆ ವಾದ ಮುಗಿಯುವುದಿಲ್ಲ. ಮೊದಲನೆಯದಕ್ಕೆ ದಾಖಲೆಗಳ ಸಂತತಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಮೈಯನ್ನೇ ಕೇಳಬೇಕು.

ಇನ್ನೂ ಒಂದು ಪ್ರಶ್ನೆಯುಂಟು; ಮಾರ್ಪಾಟನ್ನು ಮಾರ್ಪಾಟೆಂದು ಹೇಳಿದೆಯೇ? ಇದಕ್ಕೆ ನಮ್ಮ ಶಾಸನಗಳಲ್ಲಿಯೇ ಅಪೂರ್ವವಾದ ನಿದರ್ಶನವಿದೆ. ಸಿಲ್ಹೆಟ್ ಸೀಮೆಯ ನಿಧನಪುರದಲ್ಲಿ ದೊರೆತ ಕಾಮರೂಪದ ಭಾಸ್ಕರವರ್ಮನ 7ನೆಯ ಶತಮಾನದ ತಾಮ್ರಪಟಗಳು, ಅವನ ಪೂರ್ವಜನಾದ ಭೂತಿವರ್ಮನು ಕೊಟ್ಟ ದಾನವನ್ನು ಮತ್ತೆ ಬರೆಸಿದವು. ಮೂಲದ ಪಟಗಳು ಬೆಂಕಿಯಲ್ಲಿ ಸುಟ್ಟುಹೋಗಿದ್ದುವು. ಹೊಸದಾಗಿ ಬರೆದುದರಿಂದ ಅಕ್ಷರಗಳ ರೂಪ ಬೇರೆಯಾಗಿದೆ, ಆದರೆ ಇದು ಕೂಟವಲ್ಲ ಎಂಬ ಅರ್ಥದ ಮಾತನ್ನು ಅವನು ಶಾಸನದಲ್ಲಿಯೇ ಸೇರಿಸಿದನು. ಲಿಪಿಯನ್ನು ನೋಡಿ ಯಾರಾದರೂ ಸಂಶಯಪಟ್ಟಾರೆಂದು ಅಂದೇ ಊಹಿಸಿದ ಆ ಕರಣಿಕನ ಬುದ್ಧಿಯನ್ನು ಮೆಚ್ಚಬೇಕು! ಇದಕ್ಕೆ ಪ್ರತಿಯಾಗಿ ಹರ್ಷವರ್ಧನನ ಮಧುಬನ ತಾಮ್ರಪಟವನ್ನು ಇಡಬಹುದು. ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಒಂದು ಗ್ರಾಮವನ್ನು ಅನುಭವಿಸುತ್ತಿದ್ದನು. ಹರ್ಷನು ಆ ಪಟವನ್ನು ಒಡೆಸಿ ಗ್ರಾಮವನ್ನು ಬೇರೆಯವರಿಗೆ ಕೊಟ್ಟನು. ಎರಡು ಕಡೆಯೂ ತಾಮ್ರ ಹೊಸದು, ಅಕ್ಷರ ಹೊಸದು. ಒಂದು ಸಿಂಧುವಾಯಿತು, ಇನ್ನೊಂದು ಒಡೆಯಿತು. ಕೆಂಪು ಶಾಯಿಯಲ್ಲಿ ತಿದ್ದಿದ ಎಂಜಿನ್ ಸಂಖ್ಯೆ ನಿಧನಪುರದ ಜಾತಿಗೆ ಸೇರಿದುದು. ಮಹಾರಾಜರ ಹೆಸರಿನಲ್ಲಿ ನಾವು ಬರೆದುಕೊಡಬೇಕೆಂದಿದ್ದ ಕಾಗದ ವಾಮರಥ್ಯನ ಜಾತಿಗೆ.

ಇನ್ನು ಬೆಲೆಯ ವಿಚಾರ. ಹಳೆಯ ಕಾರಿನ ಬೆಲೆಯು ತಯಾರಿಕೆಯ ವೆಚ್ಚದಿಂದಾಗಲಿ ಜೀರ್ಣೋದ್ಧಾರದ ವೆಚ್ಚದಿಂದಾಗಲಿ ನಿರ್ಣಯವಾಗುವುದಿಲ್ಲ. ಕೇಳುವ ಬೆಲೆಯನ್ನು ದಾಖಲೆಯೆಂದು ಹಿಡಿಯುವುದೂ ತಪ್ಪು. ಹರಾಜಿನಲ್ಲಿ ನಿಜವಾಗಿ ಕೈಸೇರಿದ ಮೊತ್ತವೊಂದೇ ಇತಿಹಾಸಕಾರನಿಗೆ ಪ್ರಮಾಣ. ಅಂತಹ ಮೊತ್ತಗಳನ್ನು ನೋಡಿದರೆ ಸಂತತಿಯು ಕಡಿಯದಿರುವುದಕ್ಕೇ ಹೆಚ್ಚಿನ ಬೆಲೆ ಸಂದಿರುವುದು ಕಾಣುತ್ತದೆ. ಮರ್ಸಿಡಿಸ್ ಬೆಂಜ್ ಕಂಪೆನಿಯು 1955ರಲ್ಲಿ ತಯಾರಿಸಿದ 300 ಎಸ್.ಎಲ್.ಆರ್. ಊಲೆನ್‌ಹೌಟ್ ಕೂಪೆಗಳು ಎರಡೇ ಎರಡು; ಅವು ಕಂಪೆನಿಯ ಕೈಯನ್ನು ಬಿಟ್ಟಿರಲಿಲ್ಲ. ಅವುಗಳಲ್ಲಿ ಒಂದು 2022ರ ಮೇ ತಿಂಗಳಲ್ಲಿ 13.5 ಕೋಟಿ ಯೂರೋಗಳಿಗೆ ಹೋಯಿತು. ಫೆರಾರಿಯ 250 ಜಿ.ಟಿ.ಒ. ಮಾದರಿಯ ಕಾರುಗಳು 1962ರಿಂದ 1964ರವರೆಗೆ 36 ತಯಾರಾದುವು. ಅವುಗಳಲ್ಲಿ 3413 ಎಂಬ ಸಂಖ್ಯೆಯದು 2018ರ ಆಗಸ್ಟಿನಲ್ಲಿ ಅಮೆರಿಕದ ಮಾಂಟೆರೆಯ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರುಗಳಿಗೆ ಮಾರಿತು. ಅದರ ಮೊದಲ ಮೈಯನ್ನು ತೆಗೆದು 1964ರಲ್ಲಿ ಹೊಸ ಮಾದರಿಯ ಮೈಯನ್ನು ಕೂಡಿಸಲಾಗಿದ್ದಿತೆಂಬುದು ಗಮನಾರ್ಹ. ಅದು ಓಡುತ್ತಿದ್ದ ಕಾಲದಲ್ಲಿಯೇ, ಆ ಮೈಗಳನ್ನು ಮಾಡುತ್ತಿದ್ದ ಸ್ಕಾಲಿಯೆಟ್ಟಿಯವರ ಕೈಯಲ್ಲಿಯೇ ಆದ ಮಾರ್ಪಾಟು. ಅದನ್ನು ಯಾರೂ ಬಚ್ಚಿಡಲೂ ಇಲ್ಲ. ಇನ್ನು ಬುಗಾಟಿಯ 57 ಎಸ್. ಮಾದರಿಯ 1937ರ ಕಾರೊಂದು ಇಂಗ್ಲೆಂಡಿನ ಒಬ್ಬ ವೈದ್ಯರ ಗ್ಯಾರೇಜಿನಲ್ಲಿ ದಶಕಗಳ ಕಾಲ ಧೂಳು ತಿನ್ನುತ್ತಿದ್ದು, 2009ರಲ್ಲಿ ಪ್ಯಾರಿಸಿನಲ್ಲಿ ಸುಮಾರು 34 ಲಕ್ಷ ಯೂರೋ ತಂದಿತು. ಧೂಳನ್ನು ಒರೆಸಿ ಬಣ್ಣ ಬಳಿದಿದ್ದರೆ ಅಷ್ಟು ಬರುತ್ತಿತ್ತೇ ಎಂಬುದು ಸಂದೇಹ.

ನಕಲುಗಳ ಚರ್ಚೆ ಇಲ್ಲಿ ಹೆಚ್ಚು ಬೇಡ. ಅರ್ಜೆಂಟೀನದಲ್ಲಿ ಬುಗಾಟಿಯ 35ನೆಯ ಮಾದರಿಯನ್ನು ತಜ್ಞರೂ ತಡವರಿಸುವಂತೆ ತಯಾರಿಸುತ್ತಾರೆ. 1957ರ ಬೆಂಕಿಯಲ್ಲಿ ನಾಶವಾದ ಒಂಬತ್ತು ಎಕ್ಸ್‌ಕೆಎಸ್‌ಎಸ್ ಕಾರುಗಳಿಗೆ ಬದಲಾಗಿ ಒಂಬತ್ತನ್ನು ಹೊಸದಾಗಿ ತಯಾರಿಸುವುದಾಗಿ ಜಾಗ್ವಾರ್ ಕಂಪೆನಿಯೇ 2016ರಲ್ಲಿ ಪ್ರಕಟಿಸಿತು. ಇವು ತಮ್ಮ ಹುಟ್ಟನ್ನು ಹೇಳಿಕೊಂಡಿರುವವರೆಗೆ ನಮಗೇನೂ ಆಕ್ಷೇಪವಿಲ್ಲ.

ನಮ್ಮ ದೇಶದ ಕಾಯಿದೆಯು ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ನೋಡುತ್ತದೆ. ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಪ್ರಕಟಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ ವಾಹನವು ವಿಂಟೇಜ್ ವಾಹನವೆನಿಸುತ್ತದೆ. ಆದರೆ ಅದು ಮೂಲರೂಪದಲ್ಲಿರಬೇಕು. ಚಾಸಿಸ್ಸು, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಬೆನ್ನಿಗೆ ವಿ.ಎ. ಎಂಬ ಗುರುತು. ನಿಯಮ ಒಳ್ಳೆಯದೇ. ಆದರೆ ಹಲಸಿನ ಮರವು ಗಣನೀಯ ಮಾರ್ಪಾಟೇ? ಕೊಳೆತ ಮರದ ಜಾಗದಲ್ಲಿ ಅದೇ ಅಳತೆಯ ಬೇರೆ ಮರ ಬಂದರೆ ರೂಪ ಬದಲಾಗಲಿಲ್ಲ, ದ್ರವ್ಯ ಬದಲಾಯಿತು. ರೂಪವೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಅಧಿಕಾರಿಗಳು ಬೇರೆಯಾಗಿ ತಿಳಿಯಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ಹೊಸತಾಗಿಸುವುದಕ್ಕಿಂತ ಇದ್ದುದನ್ನು ಕಾಪಾಡುವುದಕ್ಕೆ ಮನ್ನಣೆ ಕೊಡುತ್ತದೆ. ವಾಹನವು ತನ್ನ ಬಾಳಿನಲ್ಲಿ ಪಡೆದ ಗುರುತುಗಳನ್ನೂ ಅದರ ಚರಿತ್ರೆಯ ಭಾಗವೆಂದು ಎಣಿಸುತ್ತದೆ. ವಿದ್ಯಾರ್ಥಿಗಳು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ 'ಪಯಣ'ದಲ್ಲಿಯೂ ಹಳೆಯ ಕಾರುಗಳನ್ನು ನೋಡುವಾಗ ಹೊಳಪನ್ನು ಮಾತ್ರ ನೋಡದೆ ತಿರುಪುಗಳ ತಲೆಯನ್ನೂ ನೋಡಬೇಕು.

ದಲ್ಲಾಳಿಯ ಎಣಿಕೆ ಏನಿದ್ದಿತೆಂಬುದು ನಮಗೆ ತಿಳಿದುದು ಕೊನೆಗೆ. ಮೂಲ ಅಳತೆಯ ಆಷ್ ಚೌಕಟ್ಟುಗಳನ್ನು ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ಮಾಡಿ ಮಾರುತ್ತಾರೆ. ಹಲಸಿನ ಮರವನ್ನೂ ಹಳೆಯ ತಗಡನ್ನೂ ಕಿತ್ತೆಸೆದು, ಹೊಸ ಚೌಕಟ್ಟು, ಹೊಸ ತಗಡು, ಹೊಸ ಚರ್ಮ, ಹೊಳೆಯುವ ಬಣ್ಣ ಹಾಕಿಸಿ, 'ಮೂಲಸ್ಥಿತಿಗೆ ತಂದ ಮಹಾರಾಜರ ಕಾರು' ಎಂದು ಮಾರುವುದು ಅವನ ಎಣಿಕೆ. ಅವನಿಗೆ ಬೇಕಾಗಿದ್ದುದು ಚಾಸಿಸ್ಸಿನ ಸಂಖ್ಯೆ, ಆ ತಗಡಿನ ಬಿಲ್ಲೆ, ನಮ್ಮ ಕಾಗದ. ಹಾಗೆ ಮೂಲಸ್ಥಿತಿಗೆ ತಂದ ಕಾರಿನಲ್ಲಿ ಹಳೆಯ ದ್ರವ್ಯವು ಯಡ್ತರೆಯ ಕಾರಿನಲ್ಲಿ ಇದ್ದುದಕ್ಕಿಂತಲೂ ಕಡಿಮೆಯಾಗುತ್ತಿತ್ತು. ಪೇಟೆಯಲ್ಲಿ ಬೆಲೆಯಾದರೋ ಹೆಚ್ಚಾಗುತ್ತಿತ್ತು.

ಮನೆಯ ಕಿರಿಯರು ಕಾಗದಕ್ಕಾಗಿ ಸ್ವಲ್ಪ ಒತ್ತಾಯಿಸಿದರೆಂಬುದನ್ನು ಮರೆಮಾಚಲಾರೆವು. ಗೆದ್ದಲು ಹತ್ತಿದ ಪಕ್ಕಾಸಿನ ಕೆಳಗೆ ಕುಳಿತು ಅವರಿಗೆ ಇಲ್ಲವೆನ್ನುವುದು ತರಗತಿಯಲ್ಲಿ ಫ್ಲೀಟರ ಪಕ್ಷವನ್ನು ವಿವರಿಸಿದಷ್ಟು ಸುಲಭವಾಗಿರಲಿಲ್ಲ. ಹಿರಿಯರು ಜಗಲಿಯಿಂದಲೇ, "ಅಪ್ಪಯ್ಯ ಬೊಂಬಾಯಿಂದ ತಂದದ್ ಅಂದೇ ಬರೀರಿ ಮಾಷ್ಟ್ರೆ, ಸುಳ್ ಹೇಳಿ ಮಾರೂದ್ ಬ್ಯಾಡ" ಎಂದು ಹೇಳಿದ ಮೇಲೆ ಮಾತು ನಿಂತಿತು.

ನಾವು ಬರೆದುಕೊಟ್ಟ ಟಿಪ್ಪಣಿ ಎರಡು ಪುಟದ್ದು. ಚಾಸಿಸ್ಸು ಮೂಲದ್ದು, ಸಂಖ್ಯೆಗಳು ಮೂರು ಕಡೆ ಹೊಂದುತ್ತವೆ, ಎಂಜಿನ್ನು ಟಿ.ಡಿ. ಮಾದರಿಯದು, ಬದಲಾವಣೆಯು ಪುಸ್ತಕದಲ್ಲಿ ದಾಖಲಾಗಿದೆ. ಮರದ ಕೆಲಸದ ಬಹುಭಾಗ ಹಲಸಿನದು, ಆಚಾರಿಯ ಅಳತೆಗಳು ಬಾಗಿಲ ಕಂಬದ ಒಳಮೈಯಲ್ಲಿ ಇವೆ, ಅವನ್ನು ಅಳಿಸಬಾರದು. ಗಂಡಭೇರುಂಡದ ಬಿಲ್ಲೆಗೂ ಕಾರಿನ ಪೂರ್ವಚರಿತ್ರೆಗೂ ಸಂಬಂಧವಿಲ್ಲ. ಇಷ್ಟನ್ನು ಬರೆದು, ಫೋಟೋಗಳನ್ನು ಅಂಟಿಸಿ, ರುಜು ಹಾಕಿದೆವು. ದಲ್ಲಾಳಿಯು ಮತ್ತೆ ಬರಲಿಲ್ಲ. ಕೆಲವು ತಿಂಗಳ ಅನಂತರ ಮಂಗಳೂರಿನ ಕಡೆಯ ಒಬ್ಬರು ಬಂದು, ಟಿಪ್ಪಣಿಯನ್ನು ಓದಿ, ಮೊದಲು ಆ ಸೀಸದಕಡ್ಡಿಯ ಬರಹವನ್ನು ತೋರಿಸಬೇಕೆಂದರಂತೆ. ಅವರು ಕೊಟ್ಟ ಬೆಲೆಯು ದಲ್ಲಾಳಿಯ ಎರಡು ಬೆಲೆಗಳ ನಡುವಿನದು, ಕೆಳಗಿನದಕ್ಕೆ ಹೆಚ್ಚು ಹತ್ತಿರ. ಆ ಹಣದಲ್ಲಿ ಮನೆಯ ಮುಂದಣ ಭಾಗಕ್ಕೆ ಹೊಸ ಪಕ್ಕಾಸು ಹಾಕಿ ಹಂಚು ಹೊದೆಸಿದ್ದಾರೆ. ಹಿಂದಣ ಭಾಗಕ್ಕೆ ಸದ್ಯ ತಗಡು. ಹಿತ್ತಾಳೆಯ ಗಂಡಭೇರುಂಡವನ್ನು ಕೊಂಡವರು ಬಿಚ್ಚಿ ಹಿಂದಕ್ಕೆ ಕೊಟ್ಟುಹೋದರು. ಅದು ಈಗ ಆ ಮನೆಯ ಚಾವಡಿಯಲ್ಲಿ, ಮದುವೆಯ ಫೋಟೋದ ಪಕ್ಕದಲ್ಲಿ ಇದೆ.